ಶಾರದತ್ತೆಯ ಅಂಜಿಕೆ

ನಮ್ಮ ಶಾರದತ್ತೆ ಮನೆಯ ನಾಯಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ಮನೆಗೆ ಬಂದ ಬೀಗರಿಗೂ ಅಷ್ಟು ಮರ್ಯಾದೆ ಸಿಗುತ್ತಿರಲಿಲ್ಲ. "ಏಳ್ರಿ, ಊಟಕ್ಕ ಏಳ್ರಿ" ಎಂದು ದೂರದಿಂದಲೇ ಕರೆದು, ಉದ್ದ ಹಿಡಿಕೆಯ ಸೌಟಿನಿಂದ ಅನ್ನವನ್ನು ತಾಟಿಗೆ ಸುರಿದು, ತಿರುಗಿಯೂ ನೋಡದೆ ಅಡುಗೆಮನೆಗೆ ಓಡುತ್ತಿದ್ದಳು. ಪ್ರೀತಿ ಉಕ್ಕಿ ಹೀಗೆ ಮಾಡುತ್ತಾಳೆ ಎಂದುಕೊಂಡವರುಂಟು. ನನಗೆ ಗೊತ್ತು, ಅದು ಪೂರಾ ಅಂಜಿಕೆ.

ಅವಳು ಅಂಜದ ವಸ್ತುವೇ ಇರಲಿಲ್ಲ. ಗುಡುಗು, ಹಲ್ಲಿ, ಗ್ಯಾಸ್ ಸಿಲಿಂಡರು, ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುವ ಫೋನು. ಫೋನು ಸದ್ದು ಮಾಡಿದರೆ ಮೊದಲು ದೇವರ ಪಟದ ಕಡೆ ನೋಡಿ, ಆಮೇಲೆ ನನ್ನನ್ನು ಕೂಗುತ್ತಿದ್ದಳು. ಗುತ್ತಲದಿಂದ ಬಂದು ಬ್ಯಾಡಗಿಯ ಅವಳ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ನಾನೂ ಕಡಿಮೆಯವಳಲ್ಲ. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ಅಂಥ ಮನೆಗೆ ಅವಳ ಗಂಡ, ನಮ್ಮ ಮಾಮಾ, ರಾಣೆಬೆನ್ನೂರಿನ ಗೆಳೆಯನ ಕಡೆಯಿಂದ ಕೆನೆಬಣ್ಣದ ಲ್ಯಾಬ್ರಡಾರ್ ಮರಿ ತಂದ. ಅವನದು ಮೆಣಸಿನಕಾಯಿ ವ್ಯಾಪಾರ. ಮಾಳಿಗೆಯ ಮೇಲೆ ಒಣಹಾಕಿದ ಕಾಯಿಯನ್ನು ಮಂಗಗಳು ಎಳೆದಾಡದಂತೆ ಕಾಯಲಿ ಎಂಬ ಆಸೆಯಿಂದ ಟೈಗರ್ ಎಂದು ಹೆಸರಿಟ್ಟ.

ಟೈಗರ್ ಮಂಗಗಳಿಗೂ ಬಾಲ ಅಲ್ಲಾಡಿಸಿತು. ಯಾರು ಬಂದರೂ ಮೈಮೇಲೆ ಹಾರಿ ಮುಖ ನೆಕ್ಕುವುದು ಅದರ ಸ್ವಭಾವ. ವರ್ಷ ತುಂಬುವುದರೊಳಗೆ ಕರುವಿನಷ್ಟಾಯಿತು. ಎಷ್ಟು ತಿಂದರೂ ಹಸಿವು, ಒಂಟಿಯಾಗಿ ಬಿಟ್ಟರೆ ಚಪ್ಪಲಿಗಳಿಗೆ ಉಳಿಗಾಲವಿಲ್ಲ. ಹಾವೇರಿಯ ಪಶುವೈದ್ಯರು ಹೇಳಿಕೊಟ್ಟದ್ದನ್ನು ಅತ್ತೆ ವ್ರತದ ಹಾಗೆ ನಡೆಸಿದಳು. ಈ ಜಾತಿಗೆ ಬೊಜ್ಜು ಬೇಗ ಬರುತ್ತದೆಂದು ಊಟ ಅಳತೆಯಲ್ಲಿ ಹಾಕಿದಳು, ಮುಂಜಾನೆ ಸಂಜೆ ಮಾಮಾನನ್ನು ಎಬ್ಬಿಸಿ ತಿರುಗಾಡಿಸಲು ಅಟ್ಟಿದಳು. ಜೋತುಬಿದ್ದ ಕಿವಿಯೊಳಗೆ ತೇವ ನಿಲ್ಲಬಾರದಂತೆ. ಅದನ್ನು ಒರೆಸುವ ಕೆಲಸವೂ ಮಾಮಾನದೇ. ಅತ್ತೆ ಬಾಗಿಲ ಹಿಂದೆ ನಿಂತು, ಇನ್ನೊಂದು ಕಿವಿ ಉಳಿಯಿತೆಂದು ನೆನಪಿಸುತ್ತಿದ್ದಳು. ಅವಳಂತೂ ಟೈಗರನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಇಷ್ಟು ಅಂಜುವವಳು ಇಷ್ಟು ಸೇವೆ ಯಾಕೆ ಮಾಡುತ್ತೀ ಎಂದು ಕೇಳಿದ್ದೆ.

"ಅಂಜಿಕಿ ಇದ್ದವ್ರ ಚೊಲೋ ನೋಡ್ಕೋತಾರವಾ. ಧೈರ್ಯ ಇದ್ದವ್ರು ಮರೀತಾರ" ಎಂದಳು.

ಮರೆತದ್ದು ಮಾಮಾನೇ. ಬೇಸಿಗೆಯ ಒಂದು ದಿನ ಟೈಗರನ್ನು ಮಾಳಿಗೆಯ ಮೇಲೆ ಕಟ್ಟಿದವನು ಬಿಚ್ಚದೆ ಹಾಗೇ ಮಾರುಕಟ್ಟೆಗೆ ಹೋಗಿಬಿಟ್ಟ. ಅತ್ತೆ ಹಿತ್ತಲಲ್ಲಿ ಹೆಂಗಸರ ಜೊತೆ ಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ನಡುವೆಯೇ ಕೈ ನಿಲ್ಲಿಸಿ ತಲೆ ಎತ್ತಿದಳು.

"ಅವರ ಸಪ್ಪಳಾನ ಇಲ್ಲಲ್ಲ."

ಬೊಗಳಿದರೆ ಬೆದರುವವಳು ಅಂದು ಬೊಗಳದ್ದಕ್ಕೆ ಬೆದರಿದ್ದಳು. ಮೇಲೆ ಹೋಗಿ ನೋಡೆಂದು ನನಗೆ ಹೇಳಿದಳು. ನಾನು ಒಲ್ಲೆ ಎಂದೆ. ಕೊನೆಗೆ ಅವಳೇ ಮೆಟ್ಟಿಲು ಹತ್ತಿದಳು, ಅವಳ ಸೆರಗು ಹಿಡಿದು ಹಿಂದೆ ನಾನು.

ಕೆಂಪು ಕಾಯಿಯ ರಾಶಿಯ ಪಕ್ಕದಲ್ಲಿ ಟೈಗರ್ ಅಡ್ಡಬಿದ್ದಿತ್ತು. ಹಗ್ಗ ಕಂಬಕ್ಕೆ ಸುತ್ತಿಕೊಂಡು, ನೀರಿನ ಬೋಗುಣಿ ಮಗುಚಿಕೊಂಡಿತ್ತು. ನಾಲಿಗೆ ಹೊರಚೆಲ್ಲಿ, ಹೊಟ್ಟೆ ತಿದಿಯಂತೆ ಏರಿಳಿಯುತ್ತಿತ್ತು. ಕಣ್ಣು ತೆರೆದೇ ಇದ್ದವು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಅದನ್ನು ಮಲಗಿಸಿ ಎಳೆಯೋಣವೆಂದು ಮೂಲೆಯಲ್ಲಿದ್ದ ಖಾಲಿ ಚೀಲಕ್ಕೆ ಕೈಹಾಕಿದೆ. ಆ ಮನೆಯಲ್ಲಿ ಯಾವ ಚೀಲ ಮುಟ್ಟಿದರೂ ಅದು ಮೆಣಸಿನಕಾಯಿಯದೇ.

"ಕಾಯಿ ಚೀಲಾ ಬ್ಯಾಡ, ಘಾಟಿಗೆ ಉಸುರು ನಿಂತೀತು" ಎಂದ ಅತ್ತೆ ಕೆಳಗೋಡಿ, ಯಾರಿಗೂ ಹೊದೆಯಲು ಕೊಡದ ತನ್ನ ಹೊಸ ಕೌದಿಯನ್ನು ಮೊಳಕೈಗಳ ನಡುವೆ ಅವುಚಿಕೊಂಡು ತಂದಳು. ತಲೆ ಹಿಡಿ ಅತ್ತಿ ಎಂದು ನಾನು ಗೋಗರೆದೆ. ಅವಳು ಎರಡೂ ಕೈ ಚಾಚಿ ತೋರಿಸಿದಳು. ತೊಟ್ಟು ಬಿಡಿಸಿದ ಖಾರಕ್ಕೆ ಬೆರಳೆಲ್ಲ ಕೆಂಪಾಗಿದ್ದವು.

"ಈ ಕೈ ಹಚ್ಚಬಾರದು. ನೀನ ಹಿಡಿಯವಾ."

ಅಳುತ್ತಲೇ ಹಿಡಿದೆ. ಮೈ ಕಾದ ಹಂಚಿನ ಹಾಗಿತ್ತು, ಹಲ್ಲು ನನ್ನ ತೋಳಿಗೆ ತಾಗುತ್ತಿದ್ದವು. ಹಗ್ಗ ಬಿಚ್ಚಿ, ಕೌದಿಯ ಮೇಲೆ ಹಾಕಿ ನೆರಳಿಗೆ ಎಳೆದೆವು. ಅತ್ತೆ ಕೊಡದಿಂದ ಹೊಟ್ಟೆಗೆ, ತೊಡೆಗೆ, ಪಾದಗಳಿಗೆ ನೀರು ಸುರಿಯುತ್ತ ಕದರಮಂಡಲಗಿಯ ಆಂಜನೇಯನಿಗೆ ಹರಕೆಯ ಮೇಲೆ ಹರಕೆ ಹೊತ್ತಳು. ಏಳ್ರಿ, ನನ್ನ ಅಂಜಸಬ್ಯಾಡ್ರಿ ಎಂದು ನಾಯಿಯನ್ನೂ ಬೇಡಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಬಾಲದ ತುದಿ ಒದ್ದೆ ನೆಲಕ್ಕೆ ಬಡಿಯಿತು.

ಸಂಜೆ ಮಾಮಾ ಬಂದು, ಸುದ್ದಿ ಕೇಳಿ, ಚಹಾ ಕೂಡ ಕೇಳದೆ ಮೂಲೆ ಹಿಡಿದು ಕೂತ. ಅತ್ತೆ ಶೇಂಗಾ ಎಣ್ಣೆ ಹಚ್ಚಿ ಕೈ ತಿಕ್ಕಿಕೊಂಡಳು, ಸಾಬೂನಿನಿಂದ ತೊಳೆದಳು, ಮೇಲೆ ಮೊಸರು ಸವರಿ ಮತ್ತೆ ತೊಳೆದಳು. ಆಮೇಲೆ ಬೆರಳನ್ನು ತನ್ನದೇ ಕಣ್ಣಿನ ರೆಪ್ಪೆಗೆ ಮುಟ್ಟಿಸಿ ಕಾದಳು. ಉರಿಯಿತು. ಕಣ್ಣೀರು ಒರೆಸಿಕೊಂಡು ಮತ್ತೆ ಬಚ್ಚಲಿಗೆ ಹೋದಳು. ರೆಪ್ಪೆ ಉರಿಯುವುದು ನಿಂತ ಮೇಲೆಯೇ ಬಂದು ಕುಳಿತು, ಕೈಯನ್ನು ಮೊದಲ ಸಲ ಟೈಗರಿನ ತಲೆಯ ಮೇಲಿಟ್ಟಳು. "ಅವರ ಕಣ್ಣಾಗ ಖಾರ ಬಿದ್ರ ಹೇಳಾಕ ಬಾಯಿಲ್ಲ" ಎಂದಳು. ಮುಂದೆ ದಿನಾ ಸಂಜೆ ಇದೇ ನಡೆಯಿತು. ಅವಳ ಅಂಜಿಕೆ ಹಾಗೇ ಉಳಿಯಿತು; ಈಗ ಟೈಗರಿಗೆ ಏನಾದೀತೋ ಎಂದು ಅಂಜುತ್ತಿದ್ದಳು.

ನಾನು ಹಾವೇರಿಯಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಅವಳಿಗೆ ಉಸಿರಿನ ತೊಂದರೆ ಶುರುವಾಯಿತು. ತೊಟ್ಟು ಬಿಡಿಸಲು ಕೂರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಕೊನೆಯ ಸಲ ನೋಡಲು ಹೋದಾಗ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು, ಬೆರಳು ಬೆಳ್ಳಗಾಗಿದ್ದವು. ಮೂತಿ ನೆರೆತ ಟೈಗರ್ ಮಂಚದ ಬುಡದಲ್ಲಿ ಮಲಗಿತ್ತು. ಅದರ ಕಿವಿ ಒರೆಸಿದರಾ ಎಂದು ಮೊದಲು ಕೇಳಿದಳು, ಆಮೇಲೆ ನನ್ನ ಯೋಗಕ್ಷೇಮ.

ನನ್ನ ಧ್ವನಿ ಕೇಳಿ ಟೈಗರ್ ಕಷ್ಟಪಟ್ಟು ಎದ್ದು ಅವಳ ತೊಡೆಗೆ ಗದ್ದ ಊರಿತು. ಅತ್ತೆ ಬೆರಳೆತ್ತಿ ತನ್ನ ರೆಪ್ಪೆಗೆ ಮುಟ್ಟಿಸಿಕೊಂಡು ಸುಮ್ಮನೆ ಕಾದಳು. ನನಗೆ ತಡೆಯಲಾಗಲಿಲ್ಲ. ಅತ್ತಿ, ಈಗ ನಿನ್ನ ಕೈಯಲ್ಲಿ ಖಾರ ಎಲ್ಲಿದೆ ಎಂದೆ.

"ಇದ್ರೂ ಇದ್ದೀತವಾ" ಎಂದಳು. ಇನ್ನೂ ಸ್ವಲ್ಪ ಹೊತ್ತು ಕಾದು, ಆಮೇಲೆ ಅದರ ತಲೆಯ ಮೇಲೆ ಕೈಯಿಟ್ಟಳು.