ಖಾಲಿ ಡಬ್ಬಿ ವಾಪಸ್ ಕೊಡಬಾರದು

ಶೇಂಗಾ ಇಲ್ಲದ ಅಡುಗೆಯನ್ನು ಆದೋನಿಯಲ್ಲಿ ಒಂದು ವಾರ ಮಾಡಿ ನೋಡಿ, ಆಮೇಲೆ ನನ್ನ ಹತ್ತಿರ ಮಾತಾಡಿ. ಬದನೆಕಾಯಿ ಪಲ್ಯಕ್ಕೆ ಶೇಂಗಾ ಪುಡಿ, ಮಂಡಕ್ಕಿ ಉಗ್ಗಾಣಿಯ ಒಗ್ಗರಣೆಗೆ ಶೇಂಗಾ, ದೋಸೆಗೆ ಶೇಂಗಾ ಚಟ್ನಿ, ಎಲ್ಲಕ್ಕೂ ಶೇಂಗಾ ಎಣ್ಣೆ. "ಏನೇನ್ ಹಾಕೀರಿ ಇದಕ್ಕ?" ಅಂತ ಕೇಳಿದರೆ ಉಪ್ಪು, ಖಾರ, ಹುಣಸೆಹಣ್ಣು ಅನ್ನುತ್ತಾರೆ. ಶೇಂಗಾದ ಹೆಸರು ಬರುವುದೇ ಇಲ್ಲ. ಸಾರಿಗೆ ನೀರು ಹಾಕಿದ್ದೇನೆ ಅಂತ ಯಾರಾದರೂ ಹೇಳುತ್ತಾರೆಯೇ?

ನನ್ನ ಮಗಳಿಗೆ ಅದು ವಿಷ. ನಡೆಯಲು ಕಲಿತ ಹೊಸದರಲ್ಲಿ ಒಂದು ಚೂರು ಚಿಕ್ಕಿ ತಿಂದು, ತುಟಿ ಊದಿ, ಉಸಿರಿಗೆ ಒದ್ದಾಡಿದಳು. ಕಾಳಷ್ಟೇ ಅಲ್ಲ, ಅದರ ಧೂಳು ಕೂಡ ಬೇಡ ಅಂದರು ಡಾಕ್ಟರು. ಗಂಟು ಹೊತ್ತು ಮನೆಮನೆ ತಿರುಗಿ ಸೀರೆ ಮಾರಿ, ಅದರ ಮೇಲೆಯೇ ಬಜಾರಿನಲ್ಲಿ ಸಣ್ಣ ಅಂಗಡಿ ಮಾಡಿಕೊಂಡವಳು ನಾನು, ಬಾಯಿ ಸುಮ್ಮನಿರಬೇಕಲ್ಲ. "ಒಂದೀಟು ಎಣ್ಣಿ ಆದ್ರ ನಡೀತೈತೇನ್ರಿ? ದೊಡ್ಡಾಕಿ ಆದಮ್ಯಾಲೆ ಹೋಗ್ತೈತೇನ್ರಿ?" ಅಂತ ಅಲ್ಲೂ ಚೌಕಾಸಿಗೆ ಇಳಿದೆ. ಅವರು ಒಂದಿಷ್ಟೂ ಇಳಿಯಲಿಲ್ಲ.

ಅಂದಿನಿಂದ ಖಾರದ ಪುಡಿಯಿಂದ ಹಿಡಿದು ಎಲ್ಲವೂ ಮನೆಯಲ್ಲೇ. ಹುರಿಯುವುದು, ಕುಟ್ಟುವುದು, ಜರಡಿ ಹಿಡಿಯುವುದು ಮುಗಿಸಿ ಅಂಗಡಿ ಬಾಗಿಲು ತೆಗೆಯಲು ಓಡಬೇಕು. ಗಂಡ ಹತ್ತಿ ಸಾಗಿಸುವ ಲಾರಿ ಏರಿದರೆ ಎಂದು ಬರುತ್ತಾನೋ ಹೇಳಲಾಗದು. ನಾನು ಬರುವ ತನಕ ಮಗುವನ್ನು ನೋಡಿಕೊಳ್ಳುವವರು ಪಕ್ಕದ ಮನೆಯ ದೊಡ್ಡಮ್ಮ. ಸಂಬಂಧಿಕರೇನಲ್ಲ, ಒಂಟಿ ಹೆಂಗಸು. ಮಗುವಿನ ಊಟವನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಅವರ ಕೈಗಿಟ್ಟು ಹೋಗುತ್ತೇನೆ.

ಅವರದೊಂದು ಹಟ ಇತ್ತು. ಸಂಜೆ ಡಬ್ಬಿಯನ್ನು ಖಾಲಿ ಕೊಡುತ್ತಿರಲಿಲ್ಲ. ನಮ್ಮ ಕಡೆ ಅದು ಎಲ್ಲರಿಗೂ ಇರುವ ರೂಢಿಯೇ, ಆದರೆ ಅವರದು ಒಂದು ಕೈ ಮೇಲೆ. ಒಂದು ದಿನ ಬಾಳೆಹಣ್ಣು, ಒಂದು ದಿನ ಬೆಲ್ಲದ ಉಂಡೆ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ. ಮಗಳಿಗೆ ಡಬ್ಬಿಯ ಮುಚ್ಚಳ ತೆಗೆಯುವುದೇ ಒಂದು ಹಬ್ಬ.

ಒಂದು ಸಂಜೆ ಅದರಲ್ಲಿ ಪುಠಾಣಿ ಪುಡಿ ಇತ್ತು. ಹುರಿಗಡಲೆ, ಬೆಳ್ಳುಳ್ಳಿ, ಒಣಕೊಬ್ಬರಿ. "ಶೇಂಗಾ ಒಂದ್ ಕಾಳೂ ಹಾಕಿಲ್ಲಮ್ಮ, ಆ ರಾಯರ ಆಣಿ," ಅಂದರು ದೊಡ್ಡಮ್ಮ ನಗುತ್ತ. "ನಿನ್ನಂಗ ಆರಿಸಿ ಆರಿಸಿ ಮಾಡೀನಿ. ತಿನ್ಲಿ ಬಿಡು, ಎಷ್ಟಂತ ಬರೀ ಅನ್ನಾನೇ ತಿಂತೈತಿ ಪಾಪ." ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಟ್ಟೆ. ಎರಡನೇ ತುತ್ತಿಗೆ ಮಗಳು ನಾಲಿಗೆ ಕೆರೆದುಕೊಳ್ಳಲು ಶುರು ಮಾಡಿದಳು.

ಡಾಕ್ಟರು ಕೊಟ್ಟ ಔಷಧಿ ನನ್ನ ಚೀಲದಲ್ಲೇ ಇತ್ತು. ಕುಡಿಸಿ, ಆಟೋ ಹಿಡಿದು ದವಾಖಾನೆಗೆ ಓಡಿದೆವು. ಸೂಜಿ ಚುಚ್ಚಿದ ಮೇಲೆ ಮಗಳ ಎದೆ ಏರಿಳಿಯುವುದು ನಿಧಾನವಾಯಿತು. ಬಾಗಿಲ ಹೊರಗೆ ಚಪ್ಪಲಿಯೂ ಇಲ್ಲದೆ ನಿಂತಿದ್ದ ದೊಡ್ಡಮ್ಮ ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಹಾಕಿಲ್ಲ ತಾಯಿ, ದೇವ್ರಾಣಿ ಹಾಕಿಲ್ಲ."

ಹಾಕಿರಲಿಲ್ಲ, ನಿಜ. ಬೆಳಿಗ್ಗೆ ಶೇಂಗಾ ಚಟ್ನಿ ರುಬ್ಬಿದ ಮಿಕ್ಸಿ ಜಾರನ್ನು ನೀರಲ್ಲಿ ಅಲ್ಲಾಡಿಸಿ, ಸೆರಗಿನಿಂದ ಒರೆಸಿ, ಅದರಲ್ಲೇ ಪುಠಾಣಿ ತಿರುವಿದ್ದರು. ಬ್ಲೇಡಿನ ಕೆಳಗೆ ಉಳಿದದ್ದು ಯಾರ ಕಣ್ಣಿಗೆ ಕಂಡೀತು? ಇಂಥ ಮಗು ಇರುವವರಿಗೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಏನು ಹಾಕಿದಿರಿ ಅಂತ ಕೇಳಿದರೆ ಸಾಲದು, ಯಾವುದರಲ್ಲಿ ಅರೆದಿರಿ ಅಂತಲೂ ಕೇಳಿ. ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಮನೆಗೆ ಬಂದ ಮೇಲೆ ಖಡಾಖಂಡಿತ ಹೇಳಿದೆ: "ದೊಡ್ಡಮ್ಮ, ಇನ್ನ ಡಬ್ಬ್ಯಾಗ ಏನೂ ಹಾಕಬ್ಯಾಡ್ರಿ." ಅವರು ತಲೆಯಾಡಿಸಿದರು. ಮಗುವನ್ನು ಅವರ ಹತ್ತಿರ ಬಿಡುವುದೋ ಬೇಡವೋ ಅಂತ ಆ ವಾರವೆಲ್ಲ ತೂಗಿದೆ. ಅಂಗಡಿಯಲ್ಲಿ ಕೂರಿಸಿಕೊಂಡೆ. ಗಿರಾಕಿಯೊಬ್ಬಳು ಮುದ್ದಿಗೆ ಕೈಯಲ್ಲಿದ್ದ ಮಿಕ್ಸ್ಚರು ಕೊಡಲು ಬಂದಳು, ತೋರಿಸುತ್ತಿದ್ದ ಸೀರೆ ಕೈಬಿಟ್ಟು ತಡೆಯಲು ಹಾರಿದೆ. ದೊಡ್ಡಮ್ಮನಿಗಾದರೆ ಒಮ್ಮೆ ಪೆಟ್ಟು ಬಿದ್ದಿದೆ, ಊರಿಗೆ ಬಿದ್ದಿಲ್ಲ. ಮತ್ತೆ ಅವರಲ್ಲೇ ಬಿಟ್ಟೆ.

ಸಂಜೆ ಡಬ್ಬಿ ಖಾಲಿ ಬಂತು. ದೊಡ್ಡಮ್ಮ ಅದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ಮಗಳು ಮುಚ್ಚಳ ತೆಗೆದಳು, ಬೋರಲು ಮಾಡಿ ಅಲ್ಲಾಡಿಸಿದಳು. "ಅಮ್ಮ, ದೊಡ್ಡಮ್ಮಗ ನನ್ ಮ್ಯಾಲೆ ಸಿಟ್ಟೇನು?"

ಎರಡು ದಿನ ಹಾಗೇ ಹೋಯಿತು. ಮೂರನೇ ಬೆಳಿಗ್ಗೆ ದೊಡ್ಡಮ್ಮ ನಮ್ಮ ಅಡುಗೆಮನೆಯ ಹೊಸ್ತಿಲಾಚೆ ನಿಂತರು. ಒಳಗೆ ಬರಲಿಲ್ಲ.

"ಒಂದ್ ಮಾತು ಕೇಳ್ಲೇನು? ಊಟದ ಡಬ್ಬಿ ಜೊತಿಗೆ ಇನ್ನೊಂದು ಸಣ್ಣ ಡಬ್ಬಿ ಕೊಡು. ಅದ್ರಾಗ ನೀನೇ ನಿಮ್ಮನಿ ಬೆಲ್ಲ ಹಾಕಿ, ಗಟ್ಟಿ ಮುಚ್ಚಿ ಕೊಡು. ನಾ ಮುಚ್ಚಳ ತಗಿಯಂಗಿಲ್ಲ. ಸಂಜೀಕ ಅಕಿಗೆ ಹಂಗೇ ಕೊಡ್ತೀನಿ. ಖಾಲಿ ಕೊಡಾಕ ಕೈ ಬರವಲ್ದು ನಂಗ."

ಯಾರ ಬೆಲ್ಲ ಯಾರಿಗೆ ಕೊಟ್ಟಂತಾಯಿತು ಅಂತ ಲೆಕ್ಕ ಹಾಕಲು ಹೋಗಲಿಲ್ಲ. ಸಣ್ಣ ಡಬ್ಬಿ ತೊಳೆದು ಬಿಸಿಲಿಗಿಟ್ಟೆ.

ಈಗ ದಿನಾ ಸಂಜೆ ಮಗಳು ಅದನ್ನು ತೆಗೆದು "ದೊಡ್ಡಮ್ಮ ಕೊಟ್ಟಾಳ" ಅಂತ ಬಾಯಿಗೆ ಹಾಕಿಕೊಳ್ಳುತ್ತಾಳೆ. ನನ್ನದೇ ಬೆಲ್ಲ, ನಾನೇ ಕುಟ್ಟಿದ್ದು. ಆದರೂ ಅದು ಕರಗುವ ತನಕ ನಾವಿಬ್ಬರೂ, ದೊಡ್ಡಮ್ಮ ಆ ಬಾಗಿಲಲ್ಲಿ, ನಾನು ಈ ಬಾಗಿಲಲ್ಲಿ, ಮಗಳ ತುಟಿಯನ್ನೇ ನೋಡುತ್ತ ನಿಂತಿರುತ್ತೇವೆ.