ಕಾಕಾನ ಶುದ್ಧ ಹಾಲು

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಸರ್ಕಾರಿ ನೌಕರಿಯಲ್ಲಿದ್ದಷ್ಟು ಕಾಲ ಔಷಧ ಕಾರ್ಖಾನೆಗಳು ಹೊರಬಿಡುವ ನೀರನ್ನು ಪರೀಕ್ಷಿಸಬೇಕಾಗಿದ್ದವರು. ಪರೀಕ್ಷಿಸಿದ್ದಕ್ಕಿಂತ ಕಾರ್ಖಾನೆಯವರ ಕಾರಿನಲ್ಲಿ ತಿರುಗಿದ್ದೇ ಹೆಚ್ಚು. ನಿವೃತ್ತರಾದ ಮೇಲೆ ಹೈದರಾಬಾದಿನ ಹೊರಗೆ, ಅದೇ ನೀರು ಬಂದು ಸೇರುವ ಕೆರೆಯ ದಂಡೆಯಲ್ಲಿ ಜಾಗ ಅಗ್ಗವಾಗಿ ಸಿಕ್ಕಿತೆಂದು ಎಮ್ಮೆ ಕಟ್ಟಿದರು. ನಗರದ ಮಾದಾಪುರದಲ್ಲಿ ಆಗ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿನ ಸಾಫ್ಟ್‌ವೇರ್ ಮಂದಿ ‘ಶುದ್ಧ ಹಾಲು’ ಎಂದರೆ ಸಾಕು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು.

ಎಮ್ಮೆಗೆ ಕೆಚ್ಚಲು ಬಾವು ಬಂದರೆ ಕಾಕಾ ದನದ ಡಾಕ್ಟರನ್ನು ಕರೆಯುತ್ತಿರಲಿಲ್ಲ. ತಾವೇ ಆಂಟಿಬಯಾಟಿಕ್ ಸೂಜಿ ಚುಚ್ಚುತ್ತಿದ್ದರು. ಬಾವು ಇಳಿದ ಕೂಡಲೇ ನಿಲ್ಲಿಸುತ್ತಿದ್ದರು. ಆ ಹಾಲೂ ಮಾದಾಪುರಕ್ಕೇ ಹೋಗುತ್ತಿತ್ತು. ತಮಗೆ ನೆಗಡಿಯಾದರೂ ಅದೇ ಪದ್ಧತಿ: ಒಂದೆರಡು ಮಾತ್ರೆ ನುಂಗಿ, ಉಳಿದದ್ದು ನೆರೆಯವರಿಗೆ ದಾನ.

ನಾನು ಅದೇ ಹೈದರಾಬಾದಿನ ತಾರ್ನಾಕದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಯಾವ ರೋಗಾಣು ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವುದು ನನ್ನ ಕೆಲಸ. ಸಾಯದವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಒಮ್ಮೆ ಹೇಳಿದೆ: “ಕಾಕಾ, ಹಿಂಗ ಅರ್ಧಮರ್ಧ ಔಷಧ ಕೊಟ್ರ ರೋಗಾಣು ಗಟ್ಟಿ ಆಗ್ತಾವ್ರಿ. ಎಮ್ಮೀವು ನಮಗ ಬರ್ತಾವ, ನಮ್ಮವು ನೀರಿಗೆ ಹೋಗ್ತಾವ.”

“ಭಾಳ ಶಾಣ್ಯಾಕಿ ಆಗಬ್ಯಾಡ. ಸರ್ವೀಸ್ ಪೂರ್ತಿ ಆ ನೀರಿನ ದಂಡಿಮ್ಯಾಲ ನಿಂತೀನಿ, ನನಗೇನಾಗೈತಿ?”

ಆಗಿದ್ದು ಮೂತ್ರದ ಸೋಂಕು. ಮನೆಯ ಮಾತ್ರೆಗಳೆಲ್ಲ ಮುಗಿದ ಮೇಲೆ ಚಳಿಜ್ವರದಲ್ಲಿ ನಡುಗುತ್ತ ನಮ್ಮ ಆಸ್ಪತ್ರೆಗೇ ಬಂದರು. ಪರೀಕ್ಷೆಯೂ ನನ್ನ ಪಾಲಿಗೇ ಬಂತು. ರೋಗಾಣು ಬೆಳೆಸುವ ಗಾಜಿನ ತಟ್ಟೆಯಲ್ಲಿಟ್ಟ, ಒಂದೊಂದಕ್ಕೆ ಒಂದೊಂದು ಔಷಧ ಹೀರಿಸಿದ ಕಾಗದದ ಬಿಲ್ಲೆಗಳನ್ನು ಮುತ್ತಿಕೊಂಡು ರೋಗಾಣು ಹುಲುಸಾಗಿ ಬೆಳೆದಿತ್ತು. ಒಂದೇ ಒಂದು ಬಿಲ್ಲೆಗೆ ಅದು ಹೆದರಿ ದೂರ ನಿಂತಿತ್ತು. ಆ ಔಷಧವೋ ಮೂತ್ರಪಿಂಡಕ್ಕೂ ಕುತ್ತು ತರುವಂಥದ್ದು. ಬೇರೆ ದಾರಿಯಿಲ್ಲದೆ ಅದನ್ನೇ ಕೊಟ್ಟರು. ಕಾಕಾ ಬದುಕಿದರು, ಮೂತ್ರಪಿಂಡ ಮೊದಲಿನಂತೆ ಉಳಿಯಲಿಲ್ಲ.

ನನಗೆ ಮರುಕ ಬರಲಿಲ್ಲ. ಮಂಚದ ಮೇಲೆ ಕೂತು ಅವರು ಆಸ್ಪತ್ರೆಯನ್ನೇ ಬೈಯುತ್ತಿದ್ದರು: “ಈ ಡಾಕ್ಟರ್‌ಗೋಳಿಗೆ ಏನೂ ಬರಂಗಿಲ್ಲ. ಔಷಧ ಎಲ್ಲಾ ನಕಲಿ ಮಾಲು.”

ಅವರ ಹೆಂಡತಿ, ನಮ್ಮ ಕಾಕು, ಗಂಜಿ ಬಗ್ಗಿಸುತ್ತ ತಲೆ ಎತ್ತದೆ ಹೇಳಿದರು: “ಎಮ್ಮಿ ಎಲ್ಲಾ ಮಾರಿಬಿಟ್ಟೀನ್ರಿ.”

“ಯಾರನ್ನ ಕೇಳಿ ಮಾರಿದಿ?”

“ನೀವು ಸೂಜಿ ಚುಚ್ಚೂವಾಗ ಯಾರನ್ನ ಕೇಳ್ತಿದ್ರಿ?”



ಹಾಲು ಯಾಕೆ ಬರುತ್ತಿಲ್ಲವೆಂದು ಮಾದಾಪುರದಿಂದ ಫೋನುಗಳು ಬರುತ್ತಲೇ ಇದ್ದವು. ಒಬ್ಬ ಎಂಜಿನಿಯರಿಗೆ ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಆತ ಸಮಾಧಾನದಿಂದ ಕೇಳಿಸಿಕೊಂಡು, ಅಲ್ಲೇ ಅಕ್ಕಪಕ್ಕದಲ್ಲಿ ಹಾಲು ಕೊಡುವವರು ಬೇರೆ ಯಾರಾದರೂ ಇದ್ದಾರೆಯೇ ಎಂದ.