ಹುಣಸೆನೀರಿನಲ್ಲಿ ಎರಡು ಹವಳ

ಸಮುದ್ರವನ್ನು ಕಣ್ಣಿನಿಂದ ನೋಡುವ ಮೊದಲೇ ನಾನು ಹದಿನಾರು ವರ್ಷ ಸಮುದ್ರದ ಪಾಠ ಮಾಡಿದ್ದೆ. ಸೇಡಂನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಕುರಕುಂಟಾದ ಹೈಸ್ಕೂಲಿಗೆ ಹೋಗುವುದು, ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹವಳದ ದಿಬ್ಬ ಬರೆಯುವುದು, ನಕ್ಷತ್ರಮೀನು ಮೀನಲ್ಲ ಎಂದು ಬರೆಸುವುದು, ಸಂಜೆ ಮನೆಗೆ ಬರುವುದು. ಮಕ್ಕಳಲ್ಲಿ ಒಬ್ಬರೂ "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳಲಿಲ್ಲ. ಕೇಳಿದ್ದರೆ ಗದರಿಸಿ ಕೂರಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಲ್ಲ ಎಂದು ಬರೆದರೆ ನಮ್ಮ ಮನೆಯವರೇ ನಕ್ಕಾರು.

ತಪ್ಪನ್ನೂ ಕಲಿಸಿದ್ದೇನೆ. ನಮ್ಮ ಕಡೆ ಪಡಸಾಲೆ, ಅಡುಗೆಮನೆ, ಬಚ್ಚಲು, ಕಟ್ಟೆ ಎಲ್ಲಕ್ಕೂ ಹಾಸುವುದು ಶಹಾಬಾದಿನ ಫರ್ಸಿ ಕಲ್ಲು. ಅದು ಸುಣ್ಣದ ಕಲ್ಲು. ಯಾವುದೋ ಕಾಲದ ಸಮುದ್ರದ ತಳ. "ಹವಳ, ಚಿಪ್ಪು ಎಲ್ಲ ಸತ್ತು ಕೂಡಿ ಈ ಫರ್ಸಿ ಆಗ್ಯಾದ" ಎಂದು ವರ್ಷಗಟ್ಟಲೆ ಧೈರ್ಯವಾಗಿ ಹೇಳಿದೆ. ಒಮ್ಮೆ ತರಬೇತಿಯಲ್ಲಿ ಕಲ್ಲುಗಳ ಬಗ್ಗೆ ಓದಿದವರೊಬ್ಬರು, ಈ ಕಲ್ಲು ಹವಳಕ್ಕಿಂತ ಹಳೆಯದು, ಆಗ ಅಂಥ ಪ್ರಾಣಿಗಳೇ ಹುಟ್ಟಿರಲಿಲ್ಲ ಎಂದರು. ಮರುದಿನ ತರಗತಿಯಲ್ಲಿ ತಿದ್ದಿ ಹೇಳಿದೆ. ಮಕ್ಕಳು ಮೊದಲಿನದನ್ನು ಎಷ್ಟು ಶ್ರದ್ಧೆಯಿಂದ ಬರೆದುಕೊಂಡಿದ್ದರೋ ಇದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡರು.

ಕೊನೆಗೆ ಸಮುದ್ರ ನೋಡಿದ್ದು ವಿಜ್ಞಾನ ಶಿಕ್ಷಕರ ಪ್ರವಾಸದಲ್ಲಿ. ವಾಡಿಯಲ್ಲಿ ರೈಲು ಹತ್ತಿ, ಮುಂದೆ ಬಸ್ಸು ಹಿಡಿದು ಮಾಲವಣಕ್ಕೆ ಹೋದೆವು. ಉಳಿದವರು ಮೊಬೈಲು ಹಿಡಿದು ಅಲೆಯ ಕಡೆಗೆ ಓಡಿದರು. ನಾನು ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ಉಳಿದ ನೀರಿನ ಗುಂಡಿಗಳ ಹತ್ತಿರ ಕೂತೆ. ಒಂದೊಂದು ಗುಂಡಿ ನಮ್ಮ ಹಿಟ್ಟು ನಾದುವ ಪರಾತದಷ್ಟು ಅಗಲ. ಅದರೊಳಗೆ ನನ್ನ ಹದಿನಾರು ವರ್ಷದ ಪಾಠವೆಲ್ಲ ತಣ್ಣಗೆ ಕೂತಿತ್ತು. ಕಡಲಹೂವು ಎಂಬ ಪ್ರಾಣಿಯ ಮೀಸೆಗೆ ಬೆರಳು ತಾಗಿಸಿದೆ. ಅದು ಒಳಗೆ ಸೇದಿಕೊಂಡು ಗಂಟಾಯಿತು. ಬಂಡೆಗೆ ಅಂಟಿದ ಸಣ್ಣ ಚಿಪ್ಪುಗಳು ನೀರು ಬಂದಾಗ ಬಾಗಿಲು ತೆರೆದು, ಕಾಲನ್ನು ಬೀಸಣಿಗೆ ಹಾಗೆ ಆಡಿಸಿ ಊಟ ಮಾಡುತ್ತಿದ್ದವು. ಸತ್ತ ಶಂಖದೊಳಗೆ ಸೇರಿಕೊಂಡ ಏಡಿಯೊಂದು ನನ್ನ ಚಪ್ಪಲಿಯ ಪಕ್ಕದಿಂದಲೇ ಹಾದುಹೋಯಿತು. ಮುಂದೆ, ದೋಣಿಯಲ್ಲಿ ಹೋಗಿ ಬಗ್ಗಿ ನೋಡಿದಾಗ, ಜೀವಂತ ಹವಳ ಕಂಡಿತು. ಬೋರ್ಡಿನ ಮೇಲೆ ನಾನು ಸದಾ ಕೆಂಪು ಬಳಿಯುತ್ತಿದ್ದೆ. ಅಲ್ಲಿದ್ದದ್ದು ಕಂದು, ಬೂದಿ, ತುಸು ಹಸಿರು. ನನಗೆ ಖುಷಿಯಾಯಿತು, ಜೊತೆಗೆ ನಾಚಿಕೆಯೂ ಆಯಿತು.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಅದನ್ನೇ.

"ಹವಳ ನೋಡಿದೇನವಾ? ಕೆಂಪಗಿತ್ತೇನು?"

"ಇಲ್ರಿ ಅತ್ಯಾ, ಬೂದಿ ಬಣ್ಣ. ನಾವು ಕೊರಳಾಗ ಹಾಕೂದು ಬ್ಯಾರೆ ಜಾತಿ. ಭಾಳ ದೂರದ ಸಮುದ್ರದ ಆಳದಾಗ ಇರ್ತದ."

"ಅದೂ ಪ್ರಾಣೀನ?"

"ಪ್ರಾಣಿ ಕಟ್ಟಿದ ಮನಿ. ಸಣ್ಣ ಸಣ್ಣ ಪ್ರಾಣಿ ಕೂಡಿ ನೀರಾಗಿನ ಸುಣ್ಣ ತಗೊಂಡು ಕಟ್ತಾವ."

"ಅಂದ್ರ ಇಷ್ಟು ವರ್ಷ ಯಾರದೋ ಮನಿ ಕೊರಳಾಗ ಕಟಗೊಂಡು ಅಡ್ಡಾಡೀನಿ ಅನ್ನು," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ತಾಳಿಯ ಸರದಲ್ಲಿದ್ದ ಎರಡು ಹವಳದಲ್ಲಿ ಒಂದನ್ನು ಬೆರಳಲ್ಲಿ ಹಿಡಿದು, "ಇದು ಖರೇದೇನು, ನೋಡಿ ಹೇಳಲಿಕ್ಕೆ ಬರ್ತದೇನು ನಿನಗ?" ಎಂದರು.

ಆ ಪ್ರಶ್ನೆಯ ಹಿಂದಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮವರಲ್ಲಿ ಮದುವೆಯಲ್ಲಿ ತಾಳಿ ಎರಡು: ಒಂದು ತವರಿನದು, ಒಂದು ಗಂಡನ ಮನೆಯದು. ತಾಳಿಯ ಪಕ್ಕ ಕರಿಮಣಿಯ ನಡುವೆ ಹವಳವೂ ಹಾಗೆಯೇ, ಆ ಮನೆಯದೊಂದು, ಈ ಮನೆಯದೊಂದು. ಅತ್ತೆಯ ತವರು ಮುಧೋಳದ ಕಡೆ ಹಳ್ಳಿ. ತಂದೆ ಗುಡಿಯ ಪೂಜೆ ಮಾಡಿಕೊಂಡಿದ್ದವರು. ತವರಿನ ಹವಳ ಶೇಂಗಾಬೀಜದ ಹಾಗೆ ತುಸು ಉದ್ದ, ಬಣ್ಣ ಅಷ್ಟಕ್ಕಷ್ಟೆ. ಗಂಡನ ಮನೆಯದು ದುಂಡಗೆ, ಥಳಥಳ. ಮದುವೆಯ ಚಪ್ಪರದಲ್ಲೇ ಮಾವನವರ ತಂಗಿ ಎರಡನ್ನೂ ಪಕ್ಕಪಕ್ಕ ಹಿಡಿದು, "ಬೀಗರು ಗಾಜಿನ ಮಣಿ ಕೊಟ್ಟು ಮಗಳನ್ನ ದಾಟಿಸ್ಯಾರ ನೋಡ್ರಿ" ಎಂದಿದ್ದರಂತೆ. ಅತ್ತೆಯ ತಾಯಿ ದೇವರ ಮೇಲೆ ಆಣೆ ಮಾಡಿ, ಅದು ಖರೇ ಹವಳ ಎಂದಿದ್ದರಂತೆ. ನಂಬಿದವರು ಎಷ್ಟು ಮಂದಿಯೋ. ಆ ತಾಯಿ ತೀರಿಹೋಗಿ ಬಹಳ ವರ್ಷವಾಯಿತು. ಮಾವನವರ ತಂಗಿ ಈಗ ಚಂದಾಪುರದಲ್ಲಿ ಇರುತ್ತಾರೆ, ಮೊಮ್ಮಕ್ಕಳನ್ನು ಕಂಡವರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಅರಿಶಿಣ-ಕುಂಕುಮಕ್ಕೆ ಬಂದಾಗೆಲ್ಲ "ವೈನಿ, ನಿಮ್ಮ ಗಾಜಿನ ಹವಳ ಹೆಂಗದ?" ಎಂದು ಕೇಳದೆ ಅವರಿಗೆ ಊಟ ಇಳಿಯುವುದಿಲ್ಲ. ಅತ್ತೆ ಪ್ರತಿಸಲ ನಗುತ್ತಾರೆ. ಆ ದಿನ ರಾಯರ ಪಟದ ಮುಂದೆ ತುಸು ಹೆಚ್ಚು ಹೊತ್ತು ಕೂರುತ್ತಾರೆ. ತಾಯಿ ಸುಳ್ಳು ಹೇಳಿದರೋ ಇಲ್ಲವೋ, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

"ಕೊರಳಾಗಿಂದ ತೆಗೆದು ಕೊಟ್ರ ನೋಡಬಹುದ್ರಿ," ಎಂದೆ.

"ಮುತ್ತೈದಿ ತಾಳಿ ತೆಗೀತಾಳೇನು? ಛಲೋ ಸಾಲಿ ಕಲ್ತಿ ಬಿಡು," ಎಂದು ಎದ್ದುಹೋದರು.

ತೆಗೆಯುವ ದಿನವೂ ಬಂತು. ಮಾವನವರಿಗೆ ಎಪ್ಪತ್ತು ತುಂಬುವುದಿತ್ತು. ಭೀಮರಥ ಶಾಂತಿ ಮಾಡಬೇಕೆಂದು ಎಲ್ಲರೂ ಕೂತು ನಿಶ್ಚಯಿಸಿದೆವು. ಆ ಶಾಂತಿಯಲ್ಲಿ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುತ್ತಾನೆ, ನೆಂಟರೆಲ್ಲರ ಎದುರಿಗೆ. ಸರ ಸವೆದು ಒಂದೆರಡು ಕಡೆ ಬಿಟ್ಟುಕೊಂಡಿತ್ತು. ಅತ್ತೆ ಒಳ್ಳೆಯ ದಿನ ನೋಡಿ, ಅರಿಶಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೆ ಸರ ಬಿಚ್ಚಿದರು. ಚಿತ್ತಾಪುರದಲ್ಲಿರುವ ನಮ್ಮ ಮನೆಯ ಹಳೆಯ ಪತ್ತಾರರ ಹತ್ತಿರ ನಾನು ಸರ ಒಯ್ದೆ. ಅವರು ಚಿನ್ನದ ಕೆಲಸವನ್ನಷ್ಟೇ ಇಟ್ಟುಕೊಂಡು, ಎರಡು ಹವಳವನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. "ಎಣ್ಣಿ, ಅರಿಶಿಣ ಕೂತು ಕಪ್ಪಾಗ್ಯಾವ ಅಕ್ಕೋರೆ, ತೊಳದು ತರ್ರಿ. ಆಮ್ಯಾಲೆ ಪೋಣಿಸಿ ಕೊಡ್ತೀನಿ," ಎಂದರು.

ತೊಳೆದು ತರ್ರಿ. ಮಾತು ಅಷ್ಟೇ.

ಶಾಂತಿಗೆ ಇನ್ನು ನಾಲ್ಕು ದಿನವಿತ್ತು. ಬೆಳಿಗ್ಗೆ ದೇವರ ಮನೆಯ ಹಿತ್ತಾಳೆ, ತಾಮ್ರ ಎಲ್ಲ ಹೊರಗೆ ತೆಗೆದಿದ್ದೆ. ದೀಪದ ಸಮೆ, ತಂಬಿಗೆ, ಪಂಚಪಾತ್ರೆ, ಗಂಟೆ. ದೊಡ್ಡ ಬೋಗುಣಿಯ ನೀರಿನಲ್ಲಿ ಹುಣಸೆಹಣ್ಣು ಕಿವುಚಿ, ಮೇಲೆ ಒಂದು ಮುಷ್ಟಿ ಉಪ್ಪು ಹಾಕಿ, ಸಣ್ಣ ಸಾಮಾನುಗಳನ್ನು ಅದರಲ್ಲಿ ಮುಳುಗಿಸಿದೆ. ನಮ್ಮಲ್ಲಿ ಹೊಳೆಯಬೇಕಾದ್ದಕ್ಕೆಲ್ಲ ಹುಣಸೆಹಣ್ಣೇ ಔಷಧ. ಬಸ್ಸಿಗೆ ಹೊತ್ತಾಗಿತ್ತು. ಕಾಗದದ ಪೊಟ್ಟಣ ಕಣ್ಣಿಗೆ ಬಿತ್ತು. ಇವಕ್ಕೂ ಒಂದು ಸ್ನಾನ ಆಗಲಿ ಎಂದು ಎರಡನ್ನೂ ಬಟ್ಟಲಿಗೆ ಹಾಕಿ, ಮೇಲೆ ಅದೇ ನೀರು ಸುರಿದು, ಕುರಕುಂಟಾಕ್ಕೆ ಹೋದೆ.

ಈ ಸಂಗತಿ ಕೇಳಿದವರೆಲ್ಲ, ಆ ದಿನ ನೀನು ಹವಳದ ಪಾಠವನ್ನೇ ಮಾಡಿರಬೇಕು ಎನ್ನುತ್ತಾರೆ. ಇಲ್ಲ, ಆ ದಿನ ಮಾಡಿದ್ದು ಜೀರ್ಣಾಂಗ. ಆದರೆ ಪ್ರತಿವರ್ಷ ನಾನು ಫರ್ಸಿಯ ಚೂರಿನ ಮೇಲೆ ಲಿಂಬೆರಸ ಹಿಂಡಿ, ಗುಳ್ಳೆ ಏಳುವುದನ್ನು ಮಕ್ಕಳಿಗೆ ತೋರಿಸುತ್ತೇನೆ ಎಂಬುದು ನಿಜ. ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ ಎನ್ನುತ್ತೇನೆ. ಚಿಮಣಿಯ ಹೊಗೆ, ಗಾಡಿಯ ಹೊಗೆ ಸಮುದ್ರದ ನೀರಿನಲ್ಲಿ ಸೇರಿ, ನೀರಿನ ಗುಣ ಹುಳಿಯ ಕಡೆ ತಿರುಗುತ್ತಿದೆ. ಹವಳಕ್ಕೂ ಶಂಖಕ್ಕೂ ಮನೆ ಕಟ್ಟುವುದು ಕಷ್ಟವಾಗುತ್ತಿದೆ ಎಂದು ಬರೆಸುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಯಾರಾದರೂ ಲಿಂಬೆಹೋಳನ್ನು ನೆಲದ ಮೇಲೆ ಬೋರಲು ಇಟ್ಟರೆ ಕಲೆ ಬೀಳುತ್ತದೆ ಎಂದು ಕೂಗಾಡುವವಳೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸಂಜೆ ಬಂದು ಬಟ್ಟಲು ಬಗ್ಗಿಸಿದೆ. ದುಂಡು ಹವಳ ಕೆಂಪಗೆ, ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಉದ್ದನೆಯದು ಬೆಳ್ಳಗಾಗಿತ್ತು. ಹೊಳಪು ಒಂದು ಚೂರೂ ಉಳಿದಿರಲಿಲ್ಲ. ಮೇಲೆಲ್ಲ ತರಿತರಿ, ಇಲಿ ಕೆರೆದಂತೆ. ಅಯ್ಯೋ ರಾಮಾ, ಬಣ್ಣ ಬಿಟ್ಟಿದೆ, ಹಾಗಾದರೆ ಚಂದಾಪುರದವರು ಹೇಳಿದ್ದೇ ಖರೆ, ಅತ್ತೆಯ ತಾಯಿ ಆಣೆ ಹಾಕಿ ಸುಳ್ಳು ಹೇಳಿದ್ದರು ಎಂದುಕೊಂಡೆ. ಇಷ್ಟು ವರ್ಷ ಪಾಠ ಮಾಡಿದವಳು ಒಂದು ನಿಮಿಷ ಪೂರ್ತಿ ಹಾಗೇ ಅಂದುಕೊಂಡೆ. ಆ ನಿಮಿಷಕ್ಕೆ ನನಗೆ ಈಗಲೂ ನನ್ನ ಮೇಲೆ ಸಿಟ್ಟಿದೆ.

ಆಮೇಲೆ ಬುದ್ಧಿ ಬಂತು. ಶಾಲೆಯ ಚೀಲದಲ್ಲಿದ್ದ ಭೂತಗನ್ನಡಿ ತೆಗೆದೆ. ಬಿಳಿಚಿದ ಹವಳಕ್ಕೆ ಒಂದು ಹನಿ ಲಿಂಬೆರಸ ಬಿಟ್ಟೆ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ದುಂಡನೆಯದಕ್ಕೂ ಬಿಟ್ಟೆ. ಏನೂ ಇಲ್ಲ. ಬೆಳಕಿಗೆ ಹಿಡಿದು ನೋಡಿದರೆ ಅದರೊಳಗೆ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡು ಕೂತಿತ್ತು. ಗಾಜು ಕರಗಿಸಿ ಅಚ್ಚು ಹೊಯ್ದಾಗ ಉಳಿಯುವ ಗುಳ್ಳೆ. ತವರಿನದು ಸಮುದ್ರದಿಂದ ಬಂದದ್ದು, ಗಂಡನ ಮನೆಯದು ಗಾಜು.

ಅತ್ತೆ ಪಡಸಾಲೆಯಲ್ಲಿ ಹೂಬತ್ತಿ ಮಾಡುತ್ತ ಕೂತಿದ್ದರು. ನಾನು ಎದುರಿಗೆ ಕೂತೆ.

"ಅತ್ಯಾ, ಒಂದು ತಪ್ಪಾಗ್ಯಾದ್ರಿ. ಹವಳ ಹುಣಸಿನೀರಿನಾಗ ಹಾಕಿ ಸಾಲಿಗೆ ಹೋಗಿದ್ದೆ. ನಿಮ್ಮ ತವರಿನದು ಕೆಟ್ಟದ."

ಅವರು ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಕಡೆ ಹಿಡಿದರು. ನನ್ನನ್ನು ಬೈಯಲಿ ಎಂದು ಕಾದೆ. ಬೈದರು.

"ಅಯ್ಯ ನಿನ್ನ! ನೆಲಕ್ಕ ಲಿಂಬಿಹಣ್ಣು ತಾಗಿದ್ರ ಮನೀ ಮುಳುಗಿದಂಗ ಒದರ್ತಿ. ಇದಕ್ಕ ಹುಳಿ ಹಾಕಬಾರದಂತ ತಿಳೀಲಿಲ್ಲೇನು?" ಆಮೇಲೆ ದನಿ ಇಳಿಯಿತು. "ಬಣ್ಣ ಹೋಗ್ಯಾದ. ಅಂದ್ರ ಅವರು ಅಂದದ್ದ ಖರೇ ಆತು."

"ಇಲ್ರಿ! ಕೆಟ್ಟದ್ದೇ ಖರೇ ಹವಳ. ಗಾಜಿಗೆ ಹುಳಿ ಏನೂ ಮಾಡೂದಿಲ್ಲ. ಸಮುದ್ರದ ಜೀವ ಸುಣ್ಣದಿಂದ ಕಟ್ಟಿದ್ದಕ್ಕ ಹುಳಿ ತಾಗ್ತದ. ನಿಮ್ಮ ಅವ್ವ ಸುಳ್ಳು ಹೇಳಿಲ್ರಿ."

"ಇನ್ನೊಂದು ಸಲ ಹೇಳು."

ಹೇಳಿದೆ. ಭೂತಗನ್ನಡಿ ಕೊಟ್ಟೆ. ಲಿಂಬೆರಸದ ಗುಳ್ಳೆ ತೋರಿಸಿದೆ. ಮೂರನೆಯ ಸಲ ಕೇಳಿದಾಗ ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. "ನಾನೂ ನಂಬಿರಲಿಲ್ಲವಾ," ಎಂದರು. "ಆಕಿ ಸಾಯೂತನಾ ಕೇಳಿದ್ಲು, ನೀನರೆ ನಂಬೀಯಿಲ್ಲೋ ಅಂತ. ಹ್ಞೂಂ ಅಂದಿದ್ದೆ, ಬಾಯಿಮಾತಿಗೆ." ನಾನು ಅಳುವುದು ಕಡಿಮೆ, ಆ ದಿನ ನಾನೂ ಅತ್ತುಬಿಟ್ಟೆ.

ದುಂಡು ಹವಳದೊಳಗಿನ ಗಾಳಿಗುಳ್ಳೆಯನ್ನೂ ಅವರು ನೋಡಿದರು. ಬಹಳ ಹೊತ್ತು ನೋಡಿದರು. ಒಳಗಿನ ಕೋಣೆಯಲ್ಲಿ ಮಾವನವರು ಕೆಮ್ಮಿದ್ದು ಕೇಳಿಸಿತು. ಅತ್ತೆ ಭೂತಗನ್ನಡಿಯನ್ನು ಕೆಳಗಿಟ್ಟರು.

"ಇದನ್ನ ಇವರಿಗೆ ಹೇಳಬ್ಯಾಡ. ಇವರ ಅವ್ವ ಭಾಳ ನೇಮದಾಕಿ. ಯಾವನೋ ಆಕಿಗೆ ಮೋಸ ಮಾಡಿರಬೇಕು."

"ಮತ್ತ ಚಂದಾಪುರದವರಿಗೆ?" ನನಗೆ ಆಗಲೇ ಫೋನು ಹಚ್ಚುವ ಆಸೆ.

"ಯಾರಿಗೂ ಬ್ಯಾಡ."

"ಹಂಗಾರ ಹೊಸಾ ಹವಳ ತರೋಣ್ರಿ, ಎರಡೂ."

"ಯಾಕ? ಇವಕ್ಕೇನಾಗ್ಯಾದ? ಪತ್ತಾರಗ ಕೊಟ್ಟು ಹೆಂಗಿದ್ದುವೋ ಹಂಗ ಪೋಣಿಸಿಸು," ಎಂದು ಮತ್ತೆ ಹತ್ತಿ ಹೊಸೆಯಲು ಕೂತರು.

ಪೋಣಿಸಿಸಿದೆ. ಪತ್ತಾರರು ನನ್ನ ಮುಖವನ್ನೂ ಹವಳವನ್ನೂ ಒಮ್ಮೆ ನೋಡಿ ಕೆಲಸಕ್ಕೆ ಕೂತರು.

ಶಾಂತಿಯ ದಿನ ಮಾವನವರು ತಾಳಿ ಕಟ್ಟಿದರು. ಗಂಟು ಹಾಕಲು ನಾನು ಹಿಂದಿನಿಂದ ಕೈ ಕೊಟ್ಟೆ. ಆರತಿಯಾಯಿತು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ತಾಳಿಗೆ ಅರಿಶಿಣ-ಕುಂಕುಮ ಹಚ್ಚತೊಡಗಿದರು. ಮಾವನವರ ತಂಗಿಯ ಸರದಿ ಬಂತು. ಕುಂಕುಮದ ಬೆರಳು ಅರ್ಧದಲ್ಲೇ ನಿಂತಿತು. ಸರವನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದರು.

"ಅಯ್ಯ ವೈನಿ! ಬಣ್ಣ ಬಿಟ್ಟದಲ್ಲ ನಿಮ್ಮ ತವರಿನ ಹವಳ! ಮದುವಿ ದಿವಸದಿಂದ ಹೇಳ್ಲಿಕತ್ತೀನಿ ನಾ. ಯಾರರೆ ಕೇಳಿದ್ರೇನು?"

ಸುತ್ತ ಇದ್ದವರು ನಕ್ಕರು. ಮಾವನವರೂ ಏನೆಂದು ತಿಳಿಯದೆ ನಕ್ಕರು. ನನ್ನ ನೆತ್ತಿಗೆ ರಕ್ತ ಏರಿತು. "ಅದು ಹಂಗಲ್ರಿ..." ಎಂದು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾದಿನಿಯ ಮುಖ ನೋಡಿ ಅವರೂ ನಕ್ಕರು. ಅವರು ಹಾಗೆ ಹಗುರಾಗಿ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೌದ್ರಿ," ಎಂದರು. "ನಿಮ್ಮ ಮನೀದು ನೋಡ್ರಿ, ಏನೂ ಆಗಿಲ್ಲ. ಹೆಂಗಿತ್ತೋ ಹಂಗೇ ಹೊಳೀಲಿಕತ್ತದ."